ಅವ್ವ ಮುಚ್ಚಿಟ್ಟ ಜಾತಕ

ಆ ದಿನ ಶಿರಸಿಯ ನಮ್ಮ ಮನೆಯ ಪಡಸಾಲೆಯಲ್ಲಿ ಯಾರ್ಯಾರಿದ್ದರೆಂಬುದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಿಟಕಿಯ ಪಕ್ಕದ ಮಂಚದ ಮೇಲೆ ನಾನು, ಚನ್ನಬಸಪ್ಪ, ಮೂರು ತಿಂಗಳಿಂದ ಕ್ಷಯದ ರೋಗಿ. ನನ್ನಿಂದ ನಾಲ್ಕು ಮೊಳ ದೂರದಲ್ಲಿ ಚಾಪೆ ಹಾಸಿಕೊಂಡು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬಾಂಡ್ ರೈಟರ್ ಗಣಪಯ್ಯನವರು. ಹೆಗಡೆಕಟ್ಟಾ ಕಡೆಯವರು, ಕಚೇರಿಯ ಮುಂದೆ ಕೂತು ಖರೀದಿಪತ್ರ, ಬಾಡಿಗೆಪತ್ರ ಬರೆದು ಬರೆದು ಬೆರಳು ಸೊಟ್ಟಗಾದವರು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ದವಾಖಾನೆಯ ಡಾಕ್ಟರರು. ಹೊಸ್ತಿಲ ಹತ್ತಿರ ಪಕ್ಕದ ಮನೆಯ ದರ್ಜಿ ಹುಸೇನಸಾಬರು, ಕೊರಳಲ್ಲಿದ್ದ ಅಳತೆ ಟೇಪನ್ನೂ ತೆಗೆಯದೆ ಎದ್ದು ಬಂದಿದ್ದರು. ಅಡಿಗೆಮನೆಯ ಬಾಗಿಲಿಗೆ ಒರಗಿ ನನ್ನ ಹೆಂಡತಿ ನೀಲವ್ವ. ಏಳು ವರ್ಷದ ಮಗಳು ಗಂಗೂಗೆ ಒಳಗೆ ಬರುವ ಅಪ್ಪಣೆ ಇರಲಿಲ್ಲ. ಅವಳು ಹೊರಗಿನಿಂದ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ದೇವರ ಜಗಲಿಯ ಕೆಳಗೆ, ನನ್ನ ಕಡೆಗೆ ಬೆನ್ನು ಮಾಡಿ ಕೂತವಳು ನನ್ನ ಅವ್ವ.

ಕೂಡಿದ್ದು ನಾನು ಹೋದ ಮೇಲೆ ಮನೆ ಯಾರಿಗೆಂಬ ಮೃತ್ಯುಪತ್ರ ಬರೆಯುವುದಕ್ಕೆ. ಆ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ನೀಲವ್ವ ‘ಕಾಗದ’ ಅನ್ನುತ್ತಿದ್ದಳು. ಅವ್ವ ಅದನ್ನೂ ಅನ್ನುತ್ತಿರಲಿಲ್ಲ.

ನಗೆಬರುವ ಸಂಗತಿಯೆಂದರೆ, ಈ ಕೆಲಸವನ್ನು ಊರಿಗೆಲ್ಲ ಕಲಿಸಿದವನು ನಾನೇ. ನಾನು ವಿಮೆಯ ಏಜಂಟ. ಸರಕಾರ ವಿಮೆಯನ್ನೆಲ್ಲ ತನ್ನ ಕೈಗೆ ತೆಗೆದುಕೊಳ್ಳುವ ಮೊದಲಿನಿಂದಲೂ ಶಿರಸಿಯಲ್ಲಿ ಸೈಕಲ್ ಮೇಲೆ, ಸಿದ್ದಾಪುರಕ್ಕೂ ಯಲ್ಲಾಪುರಕ್ಕೂ ಬಸ್ಸಿನ ಮೇಲೆ ತಿರುಗುತ್ತಿದ್ದೆ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬನವಾಸಿ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಮರಳಿನ ಮೇಲೆ ಅಕ್ಷರ ತಿದ್ದಿಸಿದ. ಮಾತು ಆಡುವುದನ್ನು ಕಟ್ಟೆಯ ಮೇಲೆ ಕೂತ ಹಿರಿಯರು ಕಲಿಸಿದರು. ಆ ಮಾತಿನ ಮೇಲೆಯೇ ನನ್ನ ಹೊಟ್ಟೆ ನಡೆಯುತ್ತಿತ್ತು. “ನಾಳೆ ನಮಗೇನಾದರೂ ಹೆಚ್ಚುಕಡಿಮೆಯಾದರೆ” ಎಂದು ನಾನು ದನಿ ಇಳಿಸಿ ಶುರುಮಾಡಿದರೆ, ಎದುರಿಗಿದ್ದ ಮನೆಯ ಯಜಮಾನ ಎಲೆಗೆ ಸುಣ್ಣ ಸವರುವುದನ್ನು ನಿಲ್ಲಿಸುತ್ತಿದ್ದ. ಆ ‘ನಮಗೆ’ ಎಂಬುದರಲ್ಲಿ ನಾನೂ ಸೇರಿದ್ದೇನೆಂದು ಎಂದೂ ಹೊಳೆದಿರಲಿಲ್ಲ.

ಕೆಮ್ಮು ಶುರುವಾದದ್ದು ಶಾರ್ವರಿ ಸಂವತ್ಸರದ ಯುಗಾದಿಯ ಹೊತ್ತಿಗೆ. ಸಂಜೆಯಾದರೆ ಮೈ ಕಾವು, ಬೆಳಿಗ್ಗೆ ಬೆವರು. ನೀಲವ್ವ ಶುಂಠಿ, ಮೆಣಸು, ಜ್ಯೇಷ್ಠಮಧು ಎಲ್ಲ ಕುದಿಸಿ ಕುಡಿಸಿದಳು. ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ ಕೆಮ್ಮಿ ಬಾಯಿಗೆ ಹಿಡಿದ ವಸ್ತ್ರ ತೆಗೆದು ನೋಡಿದರೆ ಕೆಂಪು. ಎಲೆಯಡಿಕೆಯ ಕೆಂಪಿರಬೇಕು ಎಂದುಕೊಂಡೆ. ನಾನು ಅಂದು ಎಲೆಯಡಿಕೆ ಹಾಕಿರಲಿಲ್ಲ.

ಮರುದಿನ ದವಾಖಾನೆಗೆ ಹೋದೆ. ಆ ಜಗಲಿಯ ಬೆಂಚು ನನಗೆ ಹೊಸದಲ್ಲ. ಪಾಲಿಸಿ ಮಾಡಿಸುವವರನ್ನು ಎದೆ, ತೂಕ ಪರೀಕ್ಷೆಗೆ ನಾನೇ ಕರೆತಂದು ಅಲ್ಲಿ ಕೂರಿಸುತ್ತಿದ್ದೆ. ಬೆಂಚಿನ ಆ ತುದಿಯಲ್ಲಿದ್ದ ಪರಿಚಯದ ವ್ಯಾಪಾರಿಯೊಬ್ಬ ನಗುತ್ತ ಕೇಳಿದ, “ಏನ್ರಿ ಚನ್ನಬಸಪ್ಪನವರ, ಇವತ್ತ ಯಾರನ್ನ ಹಿಡಕೊಂಬಂದೀರಿ?”

“ಇವತ್ತ ನಾನೇ ಸಿಕ್ಕೀನ್ರಿ,” ಅಂದೆ.

ಅವನು ನಕ್ಕ. ಆಮೇಲೆ ನಾನು ಕೆಮ್ಮಿದೆ. ಅವನು ನಗು ನಿಲ್ಲಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಿಸಿಲು ಬಿತ್ತೆಂಬ ನೆವ ಮಾಡಿ ಇನ್ನೊಂದು ಬೆಂಚಿಗೆ ಹೋಗಿ ಕೂತ. ಅಲ್ಲಿ ಬಿಸಿಲು ಇನ್ನೂ ಜೋರಾಗಿತ್ತು. ರೋಗಕ್ಕಿಂತ ಮೊದಲು ನನ್ನನ್ನು ಮುಟ್ಟಿದ್ದು ಅದು.

ಹುಬ್ಬಳ್ಳಿಗೆ ಹೋಗಿ ಎದೆಯ ಫೋಟೋ ತೆಗೆಸಿಕೊಂಡು ಬಂದೆ. ಡಾಕ್ಟರರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರು ಘಟ್ಟದ ಕೆಳಗಿನವರು, ಮಾತು ಕಡಿಮೆ.

“ಎಡಗಡೆ ಹಿಡಿದದೆ. ಈಗ ಇದಕ್ಕೆ ಮದ್ದು ಉಂಟು. ದಿನಾ ಇಂಜೆಕ್ಷನ್, ಮೂರು ಹೊತ್ತು ಪುಡಿ, ಒಂದೂವರೆ ವರ್ಷ. ಒಂದು ದಿನ ಬಿಟ್ಟರೂ ನನ್ನ ಹತ್ತಿರ ಬರಬೇಡಿ.”

ನಾನು ಕೇಳಿದ್ದು ‘ಹಿಡಿದದೆ’ ಎಂಬಷ್ಟನ್ನೇ. ಉಳಿದದ್ದು ಕಿವಿಗೆ ಬೀಳಲಿಲ್ಲ. ಈ ರೋಗ ಬಂದವರೆಲ್ಲರೂ ಹೀಗೆಯೇ ಇರಬೇಕು: ಮೊದಲ ಮಾತು ಒಳಗೆ ಇಳಿದ ಮೇಲೆ ಕಿವಿ ಬಾಗಿಲು ಹಾಕಿಕೊಂಡುಬಿಡುತ್ತದೆ.

ಮನೆಯಲ್ಲಿ ನನಗೆ ಬೇರೆ ತಾಟು, ಬೇರೆ ಲೋಟ, ಬೇರೆ ಮಂಚ ಬಂದವು. ನೀಲವ್ವ ಅತ್ತದ್ದನ್ನು ನಾನು ನೋಡಲಿಲ್ಲ; ಅವಳ ಸೆರಗಿನ ತುದಿ ಮಾತ್ರ ಸದಾ ಒದ್ದೆ ಇರುತ್ತಿತ್ತು. ಡಾಕ್ಟರರು ಮೊಟ್ಟೆ ತಿನ್ನಿಸಿ ಎಂದಾಗ ಅವ್ವ, “ಆ ಮಾತ ಒಂದು ಬಿಟ್ಟು ಬ್ಯಾರೆ ಏನಾರ ಹೇಳ್ರಿ,” ಅಂದಳು; ಆಮೇಲೆ ಹಾಲು, ಬೆಣ್ಣೆ, ಶೇಂಗಾ, ಖರ್ಜೂರ ಎಂದು ಅದಕ್ಕೆ ಎರಡರಷ್ಟು ತುಂಬಿದಳು. ಆದರೆ ಎಲ್ಲವನ್ನೂ ನೀಲವ್ವನ ಕೈಯಲ್ಲೇ ಕಳಿಸಿದಳು. ನನ್ನ ಮುಖ ನೋಡುತ್ತಿರಲಿಲ್ಲ. ಬಂದರೂ ಬಾಗಿಲಲ್ಲಿ ನಿಂತು, ಗೋಡೆಗೆ ಹೇಳಿದಂತೆ “ಉಂಡೇನೋ?” ಎಂದು ಕೇಳಿ ಹೋಗುತ್ತಿದ್ದಳು. ರೋಗಕ್ಕೆ ಹೆದರಿದ್ದಾಳೆ ಎಂದುಕೊಂಡೆ. ಹೆತ್ತವಳೇ ಹೆದರಿದರೆ ಇನ್ನು ಯಾರನ್ನು ಏನು ಅನ್ನುವುದು.

ಮಗಳು ಮಾತ್ರ ಹೆದರಲಿಲ್ಲ. ದಿನಾ ಶಾಲೆಯಿಂದ ಬಂದವಳೇ ಕಿಟಕಿಗೆ ಬಂದು ಪಾಟಿ ತೋರಿಸುತ್ತಿದ್ದಳು. ಅದರ ಮೇಲೆ ಒಂದು ಸಾಲು: ಅಪ್ಪಾ ಇವತ್ತು ಎಷ್ಟು ಕೆಮ್ಮಿದಿ. ನಾನು ಬೆರಳೆತ್ತಿ ತೋರಿಸಬೇಕು.

ಮಲಗಿದವನಿಗೆ ಒಬ್ಬ ಹೆಂಗಸಿನ ನೆನಪು ಬಿಡದೆ ಕಾಡತೊಡಗಿತು. ಕಿರವತ್ತಿಯಲ್ಲಿ ಕಾಡಿನ ದಿಮ್ಮಿ ಸಾಗಿಸುವ ನಾಟಾ ಲಾರಿಯ ಡ್ರೈವರ್ ಒಬ್ಬನಿಗೆ ನಾನೇ ಪಾಲಿಸಿ ಮಾಡಿಸಿದ್ದೆ. ಮದುವೆಗೆ ಮುಂಚೆ ಮಾಡಿಸಿದ್ದು. ಹಣ ಯಾರಿಗೆ ಸೇರಬೇಕೆಂಬಲ್ಲಿ ಅಪ್ಪನ ಹೆಸರು. ವಯಸ್ಸಿನ ಪುರಾವೆ ಆಮೇಲೆ ಕೊಟ್ಟರಾಯಿತು ಎಂದು ಬಿಟ್ಟಿದ್ದೆವು. ಅಪ್ಪ ಸತ್ತ, ಹೆಸರು ಬದಲಾಗಲಿಲ್ಲ. ಆಮೇಲೆ ಡ್ರೈವರನೂ ಜ್ವರದಿಂದ ಹೋದ. ಅವನ ಹೆಂಡತಿ ಎರಡು ವರ್ಷದಿಂದ ತಿರುಗುತ್ತಿದ್ದಳು. ಕಚೇರಿಯವರು ಕೇಳುವುದು ಎರಡೇ ಮಾತು: ಅವನ ವಯಸ್ಸೆಷ್ಟು, ನೀನು ವಾರಸುದಾರಳೆಂಬುದಕ್ಕೆ ಏನು ಆಧಾರ. ಬಂದಾಗಲೆಲ್ಲ ಅವಳು ನನ್ನ ಮೇಲೆ ಒಂದು ಬಿರುಸಿನ ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ಹಗುರವಾಗುತ್ತಿತ್ತು.

ಒಂದು ಮಧ್ಯಾಹ್ನ ನೀಲವ್ವನಿಗೆ ಹೇಳಿ ನನ್ನದೇ ಪಾಲಿಸಿಯನ್ನು ಟ್ರಂಕಿನಿಂದ ತೆಗೆಸಿದೆ. ನೀಲವ್ವನನ್ನು ನೋಡಲು ಹೋದಾಗ ಅವಳಪ್ಪ, “ಹುಡುಗ ಏನಾರ ಭದ್ರತಾ ಮಾಡ್ಯಾನೇನು?” ಎಂದು ಕೇಳಿದ್ದಕ್ಕೆ ಅವಸರದಲ್ಲಿ ಮಾಡಿಸಿದ ಹದಿನೈದು ವರ್ಷದ ಪಾಲಿಸಿ. ನಾಮಿನಿ: ತಾಯಿ. ವಯಸ್ಸಿನ ಪುರಾವೆ: ಇಲ್ಲ. ಊರಿಗೆಲ್ಲ ಬುದ್ಧಿ ಹೇಳಿದವನ ಕಾಗದ ಕಿರವತ್ತಿಯ ಡ್ರೈವರನ ಕಾಗದಕ್ಕಿಂತ ಒಂದು ಕೂದಲಿನಷ್ಟೂ ಮೇಲಿರಲಿಲ್ಲ. ನಾನು ಹೀಗೆಯೇ ಹೋದರೆ ನೀಲವ್ವ ಗಂಗೂನ ಕೈಹಿಡಿದು ಯಾವ ಯಾವ ಕಚೇರಿಯ ಮೆಟ್ಟಿಲು ಹತ್ತಬೇಕಾಗುತ್ತದೆಂದು ನನಗೆ ಒಂದೊಂದಾಗಿ ಗೊತ್ತಿತ್ತು. ಆ ಮೆಟ್ಟಿಲುಗಳನ್ನು ಎಣಿಸುತ್ತ ಮಲಗಿರುತ್ತಿದ್ದೆ. ಔಷಧದ ಮೇಲೂ ಮನಸ್ಸಿರಲಿಲ್ಲ. ಆ ಕಹಿ ಪುಡಿಯನ್ನು ಎಷ್ಟೋ ಸಲ ಕಿಟಕಿಯಿಂದಾಚೆ ಚೆಲ್ಲಿದ್ದೇನೆ.

ನಾಮಿನಿ ಬದಲಿಸುವುದು ನನ್ನದೊಂದು ಸಹಿಯ ಕೆಲಸ. ಮನೆಗೆ ಮೃತ್ಯುಪತ್ರ ಬರೆದರಾಯಿತು. ವಯಸ್ಸಿಗೆ? ಶಾಲೆಯಿಲ್ಲ, ದಾಖಲೆಯಿಲ್ಲ. ಉಳಿದದ್ದು ಜಾತಕ ಒಂದೇ. ವಿಮೆಯವರು ಅದನ್ನು ಒಪ್ಪುತ್ತಿದ್ದರು, ಆದರೆ ಹುಟ್ಟಿದಾಗಲೇ ಬರೆಸಿದ್ದಾಗಿರಬೇಕು.

“ಅವ್ವಾ, ನನ್ನ ಜಾತಕ ಎಲ್ಲೈತಿ?”

“ಯಾರಿಗ್ಗೊತ್ತು. ಗೆದ್ದಲ ತಿಂದಿರಬೇಕು.”

“ಟ್ರಂಕಿನ್ಯಾಗ ಗೆದ್ದಲ ಹೆಂಗ ಬರತಾವ?”

“ಈಗಿನ ಗೆದ್ದಲ ಎಲ್ಲಿ ಬೇಕಾದ್ರೂ ಬರತಾವ,” ಎಂದು ಎದ್ದುಹೋದಳು.

ಮೂರು ಸಲ ಕೇಳಿದೆ, ಮೂರು ಸಲವೂ ಗೆದ್ದಲು ಬಂದವು. ಕೊನೆಗೆ, ಗಣಪಯ್ಯನವರು ಬಂದು ಕೂತರೆ ನಾಲ್ಕು ಜನರ ಮುಂದೆ ಕೊಟ್ಟೇಕೊಡುತ್ತಾಳೆ ಎಂದುಕೊಂಡು ಆ ದಿನ ಗೊತ್ತುಮಾಡಿದೆ. ಸಾಕ್ಷಿಗೆ ಡಾಕ್ಟರರನ್ನೂ ಹುಸೇನಸಾಬರನ್ನೂ ಕೇಳಿಕೊಂಡೆ. “ಚನ್ನಬಸಪ್ಪಣ್ಣಾ, ನಾನು ಮದುವಿ ಅಂಗಿ ಅಳತಿಗೆ ಬರೋ ಮನುಷ್ಯಾ,” ಎಂದು ಹುಸೇನಸಾಬರು ಕಣ್ಣು ತುಂಬಿಕೊಂಡರು. ಆದರೂ ಬಂದರು.

ಹೀಗೆ ಎಲ್ಲರೂ ಕೂತಿದ್ದೆವು. ಗಣಪಯ್ಯನವರು ಲೇಖಣಿ ಅದ್ದಿ, “ಈ ಕಾಗದದಲ್ಲಿ ವಯಸ್ಸು ಹಾಕಬೇಕಲ ಮಾರಾಯ. ಎಷ್ಟು ಬರೆಯಲಿ?” ಅಂದರು.

“ಮೂವತ್ಮೂರು.”

ಅವ್ವ ಕೂತಲ್ಲಿಂದಲೇ ಜಗಲಿಗೆ ಇನ್ನಷ್ಟು ಒತ್ತಿಕೊಂಡಳು. ಅದನ್ನು ನಾನು ಕಂಡೆ, ನೀಲವ್ವನೂ ಕಂಡಳು.

“ವಿಮೆಗೂ ಬೇಕು, ಇದಕ್ಕೂ ಬೇಕು. ಜಾತಕ ತೆಗಿ ಅವ್ವಾ. ನಾ ಹೋದ ಮ್ಯಾಲೆ ಇವರಿಬ್ಬರು ಬೀದಿ ಬೀದಿ ತಿರುಗೂದು ಬ್ಯಾಡ,” ಅಂದೆ.

ಅವ್ವ ಎದ್ದು, ಅಂಚಿಗೆ ಕುಂಕುಮ ಬಣ್ಣ ಹಾಕಿದ ಒಂದು ಸುರುಳಿಯನ್ನು ತಂದು ಗಣಪಯ್ಯನವರ ಮುಂದಿಟ್ಟಳು. ಪತ್ರ ಬರೆಯುವ ಅವರಿಗೆ ಜಾತಕ ಓದುವುದೂ ಮನೆತನದಿಂದ ಬಂದ ವಿದ್ಯೆ. ಬಿಚ್ಚಿದರು. ಪ್ರಭವ ಸಂವತ್ಸರ, ಒಳ್ಳೆಯ ನಕ್ಷತ್ರ, ಎಪ್ಪತ್ತೆಂಟು ವರ್ಷ ಆಯುಷ್ಯ. ಓದುತ್ತ ಓದುತ್ತ ಕಾಗದವನ್ನು ಬೆರಳಲ್ಲಿ ತಿಕ್ಕಿದರು, ಮೂಗಿಗೆ ಹಿಡಿದರು.

“ಅಮ್ಮಾ, ಇದು ಯಾವಾಗ ಬರೆಸಿದ್ದು?”

“ಅವ ಹುಟ್ಟಿದಾಗ.”

“ಹುಟ್ಟಿದಾಗ ಬರೆಸಿದ್ದಕ್ಕೆ ಇಷ್ಟು ಹೊತ್ತಿಗೆ ಹೊಗೆ ಹಿಡೀಬೇಕಿತ್ತು. ಇದು ನಾನು ಉಟ್ಟ ಪಂಚೆಗಿಂತ ಬೆಳ್ಳಗೆ ಇದ್ದು.”

ಇಂಥ ಬಿಳಿಯ ಜಾತಕಗಳನ್ನು ನಾನೇ ಸಿದ್ದಾಪುರದಲ್ಲಿ ಎಷ್ಟೋ ಮಂದಿಗೆ ವಾಪಸು ಕೊಟ್ಟಿದ್ದೆ. ಹೆಣ್ಣು ಹೊಂದಿಸಲು, ಗಂಡು ಹೊಂದಿಸಲು ಹೊಸದಾಗಿ ಬರೆಸಿದ ಜಾತಕಗಳು. ನಮ್ಮ ಕಡೆ ಮನೆಗೊಂದಿರುತ್ತದೆ. ನನ್ನ ಮನೆಯಲ್ಲೂ ಒಂದಿದೆಯೆಂದು ನಾನು ತಿಳಿದಿರಲಿಲ್ಲ.

“ಹಳೇದು ಐತೇನವ್ವಾ?” ಎಂದು ಕೇಳಿದೆ.

ಅವ್ವ ಜಗಲಿಯ ಹಿಂದೆ ಕೈಹಾಕಿ ಒಂದು ತಗಡಿನ ಕೊಳವೆ ತೆಗೆದಳು. ಅದನ್ನು ಯಾರ ಕೈಗೂ ಕೊಡದೆ ನೆಲದ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ ಕೂತಳು.

“ಓದಬ್ಯಾಡ್ರಿ. ಓದಿದ್ರ ಆಗಿಬಿಡತೈತಿ.”

“ಏನ ಆಗತೈತಿ?”

ಆಗ ಅವ್ವ ಮೂರು ತಿಂಗಳ ಮೇಲೆ ಮೊದಲ ಸಲ ನನ್ನ ಮುಖ ನೋಡಿದಳು. “ನೀ ಹುಟ್ಟಿದಾಗ ಜೋಯಿಸರು ಬರೀತಾ ಬರೀತಾ ಮೂವತ್ಮೂರಕ್ಕ ಬಂದು ಲೇಖಣಿ ಕೆಳಗಿಟ್ರು. ಕಂಟಕ ಐತಿ, ಮುಂದ ನನಗ ಕಾಣಂಗಿಲ್ಲ ಅಂದ್ರು. ಇಂಥಾ ಜಾತಕ ತೋರಿಸಿದ್ರ ಯಾರ ಹೆಣ್ಣ ಕೊಡ್ತಾರ? ಅದಕ್ಕ ಇನ್ನೊಂದು ಬರಸಿದೆ. ಈಗ ನೋಡಿದ್ರ ಮೂವತ್ಮೂರು. ಈ ಕೆಮ್ಮು. ನಾ ಏನ್ ಮಾಡ್ಲಿ ಚನ್ನಾ.”

ಅವಳು ನನ್ನ ರೋಗಕ್ಕೆ ಹೆದರಿರಲಿಲ್ಲ. ನನ್ನ ಮುಖದಲ್ಲಿ ಆ ಕಾಗದ ಕಾಣುತ್ತಿತ್ತು, ಅದಕ್ಕೆ ನೋಡುತ್ತಿರಲಿಲ್ಲ. ಇಷ್ಟು ವರ್ಷ ಒಬ್ಬಳೇ ಅದನ್ನು ಹೊತ್ತಿದ್ದಳು.

ಗಣಪಯ್ಯನವರು ಮೆತ್ತಗೆ ಅವಳ ಕೈ ಸರಿಸಿ ಕೊಳವೆ ತೆಗೆದುಕೊಂಡರು. ಒಳಗಿನ ಸುರುಳಿ ತಂಬಾಕಿನ ಎಲೆಯ ಬಣ್ಣಕ್ಕೆ ತಿರುಗಿತ್ತು. ಮೇಲಿನ ಎರಡು ಸಾಲು ಓದಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ಬೆರಳ ಗೆಣ್ಣುಗಳ ಮೇಲೆ ಸಂವತ್ಸರಗಳನ್ನು ಎಣಿಸತೊಡಗಿದರು. ಒಮ್ಮೆ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

“ಅಮ್ಮಾ, ಇಂವ ಹುಟ್ಟಿದ್ದು ಕ್ರೋಧನ ಸಂವತ್ಸರ.”

“ಹೌದು.”

“ಹೊಸದರಲ್ಲಿ ಪ್ರಭವ ಅಂತ ಬರೆಸಿದ್ದಿ.”

“ಹೆಣ್ಣಿನ ಕಡ್ಯಾರು ಇಪ್ಪತ್ತೈದರ ಒಳಗಿನ ಗಂಡು ಬೇಕಂದ್ರು. ಎರಡ ವರ್ಷ ಇಳಿಸಿದೆ. ನೂರು ಮಂದಿಗೆ ಇಪ್ಪತ್ನಾಕು, ಇಪ್ಪತ್ನಾಕು ಅಂತ ಹೇಳಿ ಹೇಳಿ...”

“ಹೇಳಿ ಹೇಳಿ ನಿನಗೇ ಅದು ಖರೆ ಆಗಿಹೋತು,” ಅಂದರು ಗಣಪಯ್ಯನವರು. “ಮಗನಿಗೆ ಈಗ ಮೂವತ್ತೈದು. ಮೂವತ್ಮೂರು ದಾಟಿ ಎರಡು ವರ್ಷ ಆತು.”

ಅವ್ವ ತಾನೂ ಬೆರಳು ಮಡಚಿ ಎಣಿಸಿದಳು. ತುಟಿ ಅಲ್ಲಾಡುತ್ತಿತ್ತು.

“ಹಂಗಾದ್ರ ಕಂಟಕ ಇದ್ದದ್ದು ವಿಳಂಬಿ ವರ್ಷ,” ಅಂದಳು. “ವಿಳಂಬಿ ವರ್ಷ ಇವಗ ಏನಾಗಿತ್ತು?”

ಆ ವರ್ಷ ನನಗೆ ನೆಗಡಿ ಕೂಡ ಬಂದಿರಲಿಲ್ಲ. ಆದರೆ ನೀಲವ್ವ ಬಾಗಿಲಿನಿಂದ ಹೇಳಿದಳು, “ಅತ್ತೀ, ಬಸ್ಸು.”

ನಿಜ. ಸಿದ್ದಾಪುರದಿಂದ ಬರುವಾಗ ಇಳಿಜಾರಿನಲ್ಲಿ ಬಸ್ಸಿನ ಬ್ರೇಕು ಹಿಡಿಯದೆ, ಒಂದು ಮಣ್ಣಿನ ದಿಬ್ಬಕ್ಕೆ ಗುದ್ದಿ ಓರೆಯಾಗಿ ನಿಂತಿತ್ತು. ಕೆಳಗೆ ಕಂದಕ. ಎಲ್ಲರೂ ಕಿಟಕಿಯಿಂದ ಇಳಿದಿದ್ದೆವು. ಯಾರಿಗೂ ಗಾಯವಿಲ್ಲ, ಆದರೆ ಯಾರೋ ಮೇಲಿಟ್ಟಿದ್ದ, ಜೇನಿನಂತೆ ಹರಿಯುವ ಜೋನಿಬೆಲ್ಲದ ಡಬ್ಬಿ ನನ್ನ ತಲೆಯ ಮೇಲೆ ಬೋರಲು ಬಿದ್ದಿತ್ತು. ಮನೆ ಮುಟ್ಟುವಷ್ಟರಲ್ಲಿ ಮೈತುಂಬ ಇರುವೆ. ಅವ್ವ ಹಿತ್ತಲಲ್ಲಿ ಕೂರಿಸಿ ನಾಲ್ಕು ಹಂಡೆ ಬಿಸಿನೀರು ಸುರಿದು, ಬಿದ್ದು ಬಿದ್ದು ನಕ್ಕಿದ್ದಳು.

“ಅದೇ,” ಅಂದಳು ಅವ್ವ. “ಅದೇ ಕಂಟಕ. ಬೆಲ್ಲ ಆಗಿ ಹೋತು.”

ಎದ್ದು ನೇರ ನನ್ನ ಮಂಚಕ್ಕೆ ಬಂದು, ಡಾಕ್ಟರರು ಬೇಡವೆನ್ನುವಷ್ಟರಲ್ಲಿ ನನ್ನ ಕಾಲ ಬಳಿ ಕೂತು, ಪಾದ ಹಿಡಿದುಕೊಂಡಳು. ಬಿಡಲಿಲ್ಲ.

ನೀಲವ್ವನಿಗೆ ಈಗ ಬೇರೆಯದೇ ಯೋಚನೆ. “ಅಂದ್ರ ಒಂಬತ್ತು ವರ್ಷದಿಂದ ನೀವು ನನಗಿಂತ ಎರಡು ವರ್ಷ ಹೆಚ್ಚಿಗಿ ದೊಡ್ಡವರು. ನಮ್ಮಪ್ಪಗ ಇದು ತಿಳೀಬೇಕಿತ್ತು.”

“ನಿಮ್ಮಪ್ಪೇನು ಕಡಿಮಿ ಇದ್ನೇನು?” ಅಂದಳು ಅವ್ವ, ಪಾದ ಬಿಡದೆ. “ನಿನ್ನ ನಕ್ಷತ್ರ ಖರೇದಂತ ತಿಳಕೊಂಡೀಯೇನು?”

ನೀಲವ್ವ ಸೆರಗು ಬಾಯಿಗೆ ಹಿಡಿದಳು. ಅಳುವುದಕ್ಕಲ್ಲವೆಂದು ಎಲ್ಲರಿಗೂ ತಿಳಿಯಿತು. ನಾನು ನಕ್ಕು ನಕ್ಕು ಕೆಮ್ಮಿದೆ. ಕಿಟಕಿಯ ಹೊರಗಿನಿಂದ ಗಂಗೂ, “ಒಂದು,” ಎಂದು ಎಣಿಸಿದಳು.

ಡಾಕ್ಟರರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಎರಡು ಜಾತಕ ಓದಿದ್ದಾಯಿತಲ್ಲ. ಮೂರನೆಯದು ನಾನು ಬರೆದುಕೊಟ್ಟದ್ದು. ಪುಡಿಯನ್ನು ಕಿಟಕಿಯಿಂದ ಚೆಲ್ಲದಿದ್ದರೆ ಮುಂದಿನ ವರ್ಷ ಸೈಕಲ್ ಹೊಡೆಯಬಹುದು. ಹೊರಗೆ ದಾಸವಾಳದ ಬುಡವೆಲ್ಲ ಬೆಳ್ಳಗಾಗಿದೆ, ಬರುವಾಗ ನೋಡಿದೆ.”

ಅವ್ವ ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಮೃತ್ಯುಪತ್ರವನ್ನು ಬರೆದೇ ಬರೆದೆವು. ಬದುಕುತ್ತೇನೆಂಬ ಆಸೆ ಚಿಗುರಿತೆಂದು ಆ ಕೆಲಸ ಬಿಟ್ಟಿದ್ದರೆ ನಾನು ಏಜಂಟನಾಗಿ ಕಲಿತದ್ದೇನು? ವಯಸ್ಸು ಮೂವತ್ತೈದು. ಮನೆ ನೀಲವ್ವನಿಗೆ, ಅವಳ ನಂತರ ಗಂಗೂಗೆ, ಅವ್ವ ಇರುವಷ್ಟು ಕಾಲ ಅದೇ ಮನೆಯಲ್ಲಿ ಅವಳ ಹಕ್ಕು. ಗಣಪಯ್ಯನವರು ಗಟ್ಟಿಯಾಗಿ ಓದಿ ಹೇಳಿದರು, ನಾನು ಸಹಿ ಮಾಡಿದೆ, ಡಾಕ್ಟರರೂ ಹುಸೇನಸಾಬರೂ ಕೆಳಗೆ ಮಾಡಿದರು. ವಿಮೆಯ ಕಾಗದದಲ್ಲಿ ತಾಯಿಯ ಹೆಸರು ಹೋಗಿ ಹೆಂಡತಿಯ ಹೆಸರು ಬಂತು. “ನಂದೂ ಒಂದು ಹೆಬ್ಬಟ್ಟು ಒತ್ತಿಸ್ಕೋರಿ,” ಎಂದಳು ಅವ್ವ. ಬೇಕಾಗಿಲ್ಲ ಎಂದರೆ ಕೇಳಲಿಲ್ಲ. ಮೃತ್ಯುಪತ್ರದ ಹಿಂಬದಿಯಲ್ಲಿ ಅವಳ ಹೆಬ್ಬಟ್ಟು ಈಗಲೂ ಇದೆ. ಹಳೆಯ ಜಾತಕವನ್ನು ವಿಮೆಯವರು ಒಪ್ಪಿದರು. ಎರಡು ವರ್ಷದ ಸುಳ್ಳಿಗಾಗಿ ಮೊತ್ತದಲ್ಲಿ ಸ್ವಲ್ಪ ಮುರಿದುಕೊಂಡರು, ಅಷ್ಟೆ.

ಆ ದಿನದಿಂದ ಪುಡಿಯ ಉಸ್ತುವಾರಿ ಅವ್ವನದು. ಮೂರು ಹೊತ್ತೂ ಎದುರು ಕೂತು, ನುಂಗಿದ ಮೇಲೆ ಬಾಯಿ ತೆಗೆಸಿ ನೋಡುತ್ತಿದ್ದಳು. ಇಂಜೆಕ್ಷನ್ನಿಗೆ ದವಾಖಾನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳೂ ಅವಳೇ. ಬಿಸಿಲಿನ ನೆವ ಹೇಳಿ ಎದ್ದುಹೋಗಿದ್ದ ವ್ಯಾಪಾರಿ ಒಂದು ದಿನ ಮತ್ತೆ ಸಿಕ್ಕಿದ. ಅವ್ವ ಬೆಂಚು ತಟ್ಟಿ, “ಬರ್ರಿ, ಇಲ್ಲಿ ನೆರಳೈತಿ,” ಅಂದಳು. ಅವನು ನಾಚಿಕೊಂಡು ಬಂದು ಕೂತ. ಹೋಗುವಾಗ ಪಾಲಿಸಿಯ ವಿಚಾರ ಕೇಳಿದ.

ಒಂದೂವರೆ ವರ್ಷದ ಮೇಲೆ ಮತ್ತೆ ಹುಬ್ಬಳ್ಳಿಯ ಫೋಟೋ. ಡಾಕ್ಟರರು ಈ ಸಲ ಬಹಳ ಹೊತ್ತು ನೋಡಲಿಲ್ಲ. “ಸೈಕಲ್ಲಿಗೆ ಗಾಳಿ ಹಾಕಿಸಿ,” ಅಂದರು. ಮನೆಗೆ ಬಂದಾಗ ಗಂಗೂ ಕಿಟಕಿಯ ಹತ್ತಿರ ನಿಂತಿರಲಿಲ್ಲ. ಒಳಗೆ ನನ್ನ ಮಂಚದ ಮೇಲೆ ಕೂತಿದ್ದಳು. ನನ್ನ ತಾಟು, ಲೋಟ ಎಲ್ಲರವುಗಳ ಜೊತೆ ಸೇರಿದ್ದವು.

ನಾನು ಎದ್ದು ಮಾಡಿದ ಮೊದಲ ಕೆಲಸ ಕಿರವತ್ತಿಯದು. ಆ ಡ್ರೈವರನ ಸೋದರಮಾವನ ಮನೆಯ ಅಟ್ಟದಲ್ಲಿ ಹೊಗೆ ಹಿಡಿದ ಜಾತಕವೊಂದು ಸಿಕ್ಕಿತು. ವಾರಸಿನ ಕಾಗದವನ್ನು ಗಣಪಯ್ಯನವರು ಹಣ ತೆಗೆದುಕೊಳ್ಳದೆ ಬರೆದುಕೊಟ್ಟರು. ಆ ಹೆಣ್ಣುಮಗಳು ಬಂದ ಹಣದಲ್ಲಿ ರಸ್ತೆಯ ಪಕ್ಕ ಚಹದ ಅಂಗಡಿ ಹಾಕಿದಳು. ಈ ರೋಗ ಬಂದು ಒಳಗೊಳಗೇ ಎಣಿಸುತ್ತ ಮಲಗಿದವರಿಗೆ ನಾನು ಹೇಳುವುದಿಷ್ಟೇ: ಕಾಗದವನ್ನೂ ಸರಿಮಾಡಿಡಿ, ಪುಡಿಯನ್ನೂ ನುಂಗಿ. ಒಂದು ಮಾಡಿದರೆ ಇನ್ನೊಂದು ಕೆಡುವುದಿಲ್ಲ.

ಹದಿನೈದು ವರ್ಷ ತುಂಬಿ ನನ್ನ ಪಾಲಿಸಿ ಮುಗಿದಾಗ ಹಣ ತರಲು ಹುಬ್ಬಳ್ಳಿಗೆ ಹೊರಟೆ. ಅವ್ವ ತಾನೂ ಬರುತ್ತೇನೆಂದಳು. ಕಿರವತ್ತಿಯಲ್ಲಿ ಬಸ್ಸು ನಿಂತಾಗ ಆ ಅಂಗಡಿಯಲ್ಲಿ ಚಹ ಕುಡಿದೆವು. ಕಚೇರಿಯಲ್ಲಿ ನಾನು ಸಹಿ ಹಾಕುತ್ತಿದ್ದಂತೆ ಅವ್ವ ಮೇಜಿನ ಮೇಲೆ ಬಾಗಿ ಗುಮಾಸ್ತನನ್ನು ಕೇಳಿದಳು, “ಇವ ಸತ್ತಿಲ್ಲರಿ. ಹಂಗಿದ್ರೂ ಕೊಡ್ತೀರೇನು?”

“ಸತ್ತಿಲ್ಲಂತನ ಇವರ ಕೈಯಾಗ ಕೊಡಾಕ ಹತ್ತೀವಿ ಅಜ್ಜಿ,” ಅಂದ ಅವನು.

ಅವ್ವ ಚೆಕ್ಕನ್ನು ಹಿಂದೆ ಮುಂದೆ ತಿರುವಿ ನೋಡಿ, ನಾನು ತಡೆಯುವ ಮೊದಲೇ ನಾಲ್ಕು ಮಡಿಕೆ ಮಾಡಿ ಎಲೆಯಡಿಕೆಯ ಚಂಚಿಯಲ್ಲಿಟ್ಟು, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಜಾಗ ನನಗೆ ಕೊಟ್ಟಳು. ಯಲ್ಲಾಪುರ ಬರುವ ಮೊದಲೇ ನನ್ನ ಹೆಗಲಿಗೆ ತಲೆಯಾನಿಸಿ ನಿದ್ದೆಹೋದಳು.